ಗಾಡಿ ಕುದಿಯುತ್ತಿದೆಯೇ? ರೇಡಿಯೇಟರ್ ಬದಲಿಸುವ, ಅದರ ಜಾಗ ಬದಲಿಸುವ ಮೊದಲು ಇದನ್ನು ಓದಿ

ಏಪ್ರಿಲ್ ಬಂತೆಂದರೆ ವಿಜಯಪುರದ ಕಡೆಯ ವಾಟ್ಸಾಪ್ ಗುಂಪುಗಳಿಗೂ ಬಿಸಿ ತಟ್ಟುತ್ತದೆ. ‘ಟ್ರ್ಯಾಕ್ಟರ್ ಬಿಸಿಯಾದರೆ ಥರ್ಮೋಸ್ಟ್ಯಾಟ್ ಕಿತ್ತು ಹಾಕಿ’, ‘ಕೂಲಂಟ್ ಎಂಬುದು ಕಂಪನಿಗಳ ದಂಧೆ, ಬೋರ್ ನೀರೇ ಸಾಕು’, ‘ರೇಡಿಯೇಟರ್ ಸೋರಿದರೆ ಒಂದು ಚಮಚ ಅರಿಶಿನ’, ‘ರೇಡಿಯೇಟರನ್ನು ಬೇರೆ ಕಡೆ ಕೂರಿಸಿದರೆ ಎಂಜಿನ್ ತಣ್ಣಗಿರುತ್ತದೆ’. ಇಂಥ ಸಲಹೆಗಳು ಒಂದೇ ದಿನದಲ್ಲಿ ಹತ್ತು ಗುಂಪು ಸುತ್ತಿ ನಮ್ಮ ಮೊಬೈಲಿಗೇ ವಾಪಸ್ ಬರುತ್ತವೆ. ಕೆಲವದರಲ್ಲಿ ಅರ್ಧ ಸತ್ಯವಿದೆ. ಕೆಲವು ನಿಮ್ಮ ಜೇಬು ಸುಡುತ್ತವೆ. ಒಂದೆರಡು ನಿಮ್ಮ ಮುಖವನ್ನೇ ಸುಡಬಲ್ಲವು. ಅವನ್ನು ಒಂದೊಂದಾಗಿ ಪರಿಶೀಲಿಸೋಣ.

ಒಂದು ನೋಟದಲ್ಲಿ

• ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆಯಬೇಡಿ. ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ನೆನಪಿಡಿ.
• ಗಾಡಿ ಕುದಿಯುವುದಕ್ಕೆ ಅನೇಕ ಸಲ ಕಾರಣ ಕಸ ಕಟ್ಟಿದ ರೆಕ್ಕೆಗಳು, ಸಡಿಲ ಬೆಲ್ಟ್, ಹಾಳಾದ ಮುಚ್ಚಳ ಅಥವಾ ಒಳಗೆ ಕಟ್ಟಿದ ಕರೆ. ಮೊದಲು ಇವನ್ನು ನೋಡಿ.
• ಹೊಸ ರೇಡಿಯೇಟರ್ ಕೊನೆಯ ಉಪಾಯ. ಅದರ ಜಾಗ ಬದಲಿಸುವುದು ಬಹುತೇಕ ಯಾರಿಗೂ ಬೇಕಿಲ್ಲದ ಉಪಾಯ.

ರೇಡಿಯೇಟರ್ ಮಾಡುವ ಕೆಲಸವೇನು?

ಎಂಜಿನ್ ಸುಡುವ ಡೀಸೆಲ್‌ನ ಶಕ್ತಿಯೆಲ್ಲ ಗಾಲಿಗೆ ಹೋಗುವುದಿಲ್ಲ. ಸ್ಥೂಲವಾಗಿ ಮೂರನೇ ಒಂದು ಪಾಲು ಮಾತ್ರ ಕೆಲಸವಾಗುತ್ತದೆ. ಇನ್ನೊಂದು ದೊಡ್ಡ ಪಾಲು ಸೈಲೆನ್ಸರ್ ಮೂಲಕ ಬಿಸಿ ಹೊಗೆಯಾಗಿ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ಎಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತುಕೊಳ್ಳಬೇಕು. 50 ಎಚ್‌ಪಿ ಟ್ರ್ಯಾಕ್ಟರ್ ಪೂರ್ತಿ ಶ್ರಮದಲ್ಲಿ ದುಡಿಯುವಾಗ ಈ ನೀರು ಹೊರಹಾಕಬೇಕಾದ ಶಾಖ 25 ಕಿಲೋವ್ಯಾಟ್ ಆಸುಪಾಸು ಇರುತ್ತದೆ. ಸ್ನಾನದ ಮನೆಯ 2 ಕಿಲೋವ್ಯಾಟ್ ಗೀಸರ್‌ಗಳನ್ನು ಹನ್ನೆರಡು ಒಟ್ಟಿಗೆ ಹಚ್ಚಿಟ್ಟಂತೆ!

ಈ ಶಾಖವನ್ನು ನೀರಿನಿಂದ ಗಾಳಿಗೆ ದಾಟಿಸುವ ಸೇತುವೆಯೇ ರೇಡಿಯೇಟರ್. ಸಣ್ಣ ಕೊಳವೆಗಳ ಒಳಗೆ ಬಿಸಿ ನೀರು ಇಳಿಯುತ್ತದೆ. ಕೊಳವೆಗಳಿಗೆ ಅಂಟಿದ ತೆಳು ಲೋಹದ ರೆಕ್ಕೆಗಳ ನಡುವೆ ಗಾಳಿ ಹಾಯುತ್ತದೆ. ನೀರು ಮತ್ತು ಗಾಳಿ ಒಂದಕ್ಕೊಂದು ತಾಗುವುದಿಲ್ಲ, ಶಾಖ ಮಾತ್ರ ದಾಟುತ್ತದೆ. ಇಂಥ ಸಾಧನವನ್ನು ಶಾಖ ವಿನಿಮಯಕ ಎನ್ನುತ್ತಾರೆ. ಮನೆಯ ಫ್ರಿಜ್ ಹಿಂದಿನ ಕರಿ ಜಾಲರಿ, ಎ.ಸಿ.ಯ ಹೊರಗಿನ ಪೆಟ್ಟಿಗೆಯ ಜಾಲರಿ ಎಲ್ಲವೂ ಇದೇ ಕುಲದವು.

ಸೇತುವೆ ಕೆಲಸ ಮಾಡಲು ಮೂರು ಬೇಕು: ಒಳಗೆ ನೀರು ಸರಾಗವಾಗಿ ಹರಿಯಬೇಕು, ಹೊರಗೆ ಗಾಳಿ ಸರಾಗವಾಗಿ ಹಾಯಬೇಕು, ನಡುವಿನ ಲೋಹ ಶುದ್ಧವಾಗಿರಬೇಕು. ಇವುಗಳಲ್ಲಿ ಒಂದು ಕೆಟ್ಟರೂ ಉಳಿದೆರಡು ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ವಿಜಯಪುರದ ಬೇಸಿಗೆಯಲ್ಲೇ ಯಾಕೆ ಹೆಚ್ಚು?

ಮೊದಲ ಕಾರಣ ಸರಳ ಲೆಕ್ಕ. ರೇಡಿಯೇಟರ್ ಬಿಡುವ ಶಾಖ, ನೀರಿನ ಬಿಸಿ ಮತ್ತು ಗಾಳಿಯ ಬಿಸಿಯ ನಡುವಿನ ಅಂತರಕ್ಕೆ ತಕ್ಕಂತೆ ಇರುತ್ತದೆ. ಎಂಜಿನ್ ನೀರು 90 ಡಿಗ್ರಿ ಸೆಲ್ಸಿಯಸ್ ಇದೆ ಎನ್ನೋಣ. ಡಿಸೆಂಬರ್ ಬೆಳಗ್ಗೆ ಗಾಳಿ 20 ಡಿಗ್ರಿ ಇದ್ದರೆ ಅಂತರ 70. ಮೇ ಮಧ್ಯಾಹ್ನ ಗಾಳಿ 42 ಡಿಗ್ರಿ ಇದ್ದರೆ ಅಂತರ 48. ಅಂದರೆ ಅದೇ ರೇಡಿಯೇಟರ್, ಅದೇ ಫ್ಯಾನ್, ಆದರೆ ಶಾಖ ಬಿಡುವ ಸಾಮರ್ಥ್ಯದಲ್ಲಿ ಸುಮಾರು ಮೂರನೇ ಒಂದು ಪಾಲು ಖೋತಾ. ಚಳಿಗಾಲದಲ್ಲಿ ಅರ್ಧ ಕಟ್ಟಿದ ರೇಡಿಯೇಟರ್ ಹೇಗೋ ನಡೆದುಹೋಗಿರುತ್ತದೆ. ಅದರ ಬಣ್ಣ ಬಯಲಾಗುವುದು ಬೇಸಿಗೆಯಲ್ಲಿ.

ಎರಡನೆಯದು ಕೆಲಸದ ರೀತಿ. ಕಾರು ಹೆದ್ದಾರಿಯಲ್ಲಿ ಓಡುವಾಗ ಎದುರುಗಾಳಿಯೇ ರೇಡಿಯೇಟರ್ ತಣಿಸುತ್ತದೆ. ತಿಕೋಟಾ ಕಡೆಯ ದ್ರಾಕ್ಷಿ ಪಡಗಳಲ್ಲಿ ಸಾಲುಗಳ ನಡುವೆ ಔಷಧ ಸಿಂಪಡಿಸುವ ಸಣ್ಣ ಟ್ರ್ಯಾಕ್ಟರ್‌ಗೆ ಆ ಭಾಗ್ಯವಿಲ್ಲ. ಅದು ನಡೆದು ಹೋಗುವವರ ವೇಗದಲ್ಲಿ ಸಾಗುತ್ತದೆ. ಆದರೆ ಹಿಂದಿನ ಸಿಂಪಡಣಾ ಯಂತ್ರಕ್ಕೆ ಪಿಟಿಒ ಮೂಲಕ ಶಕ್ತಿ ಕೊಡಲು ಎಂಜಿನ್ ಜೋರಾಗಿ ತಿರುಗುತ್ತಲೇ ಇರಬೇಕು. ಶಾಖ ಪೂರ್ತಿ, ಎದುರುಗಾಳಿ ಸೊನ್ನೆ. ಎಲ್ಲ ಭಾರವೂ ಫ್ಯಾನ್ ಮೇಲೆ. ಜೊತೆಗೆ ಔಷಧದ ತೇವ, ಮಣ್ಣಿನ ಧೂಳು, ಒಣ ಎಲೆಚೂರು ಸೇರಿ ರೆಕ್ಕೆಗಳ ಮೇಲೆ ಹಪ್ಪಳದಂತೆ ಕೂರುತ್ತವೆ. ನಿಂತಲ್ಲೇ ರಾಶಿ ಮಾಡುವ ಯಂತ್ರ ನಡೆಸುವ ಟ್ರ್ಯಾಕ್ಟರ್‌ನದೂ ಇದೇ ಕಥೆ, ಅಲ್ಲಿ ಹೊಟ್ಟು ಬಂದು ಅಂಟುತ್ತದೆ. ಬಬಲೇಶ್ವರದ ಕಡೆ ಎರಡೆರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರ್ ಏರು ಹತ್ತುವಾಗಲೂ ವೇಗ ಕಡಿಮೆ, ಶ್ರಮ ಪೂರ್ತಿ.

ಮೂರನೆಯದು ನೀರು. ಈ ಭಾಗದ ಬಹಳಷ್ಟು ಬೋರ್‌ವೆಲ್ ನೀರು ಗಡಸು. ಮನೆಯ ಬಕೆಟ್ಟಿನ ಅಂಚಿನಲ್ಲಿ, ಗೀಸರ್ ಸುರುಳಿಯ ಮೇಲೆ ಕಾಣುವ ಬಿಳಿ ಕರೆ ಯಾರಿಗೆ ಗೊತ್ತಿಲ್ಲ? ಅದೇ ಕರೆ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಅಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಈಗ ಫಾರ್ವರ್ಡ್‌ಗಳಿಗೆ ಬರೋಣ.

ಫಾರ್ವರ್ಡ್ 1: ‘ಕುದಿಯುತ್ತಿದ್ದರೆ ತಕ್ಷಣ ಮುಚ್ಚಳ ತೆರೆದು ತಣ್ಣೀರು ಸುರಿಯಿರಿ’

ತೀರ್ಪು: ತಪ್ಪು ಮತ್ತು ಅಪಾಯಕಾರಿ.

ರೇಡಿಯೇಟರ್ ಮುಚ್ಚಳ ಬರೀ ಮುಚ್ಚಳವಲ್ಲ, ಅದೊಂದು ಒತ್ತಡದ ಕವಾಟ. ಅಡುಗೆಮನೆಯ ಕುಕ್ಕರ್ ಹಾಗೆಯೇ ಒಳಗಿನ ಒತ್ತಡ ಹೆಚ್ಚಿಸಿ ನೀರು ಬೇಗ ಕುದಿಯದಂತೆ ತಡೆಯುತ್ತದೆ. ವಿಜಯಪುರ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಆದರೆ ಸುಮಾರು 1 ಬಾರ್ ಹೆಚ್ಚುವರಿ ಒತ್ತಡ ತಡೆಯುವ ಮುಚ್ಚಳದ ಕೆಳಗೆ ಅದೇ ನೀರು 120 ಡಿಗ್ರಿವರೆಗೂ ಕುದಿಯದೆ ಇರಬಲ್ಲದು.

ಈಗ ಮುಚ್ಚಳ ತೆರೆದಿರಿ ಎಂದುಕೊಳ್ಳಿ. ಒತ್ತಡ ಒಮ್ಮೆಲೇ ಇಳಿಯುತ್ತದೆ. 110 ಡಿಗ್ರಿಯಲ್ಲಿದ್ದ ನೀರು ತಾನು ಕುದಿಯಬೇಕಾದ 98 ಡಿಗ್ರಿಗಿಂತ 12 ಡಿಗ್ರಿ ಮೇಲಿದೆ. ಆ ಹೆಚ್ಚುವರಿ ಶಾಖವೆಲ್ಲ ಆ ಕ್ಷಣವೇ ಹಬೆಯಾಗಿ ಸಿಡಿಯುತ್ತದೆ. 10 ಲೀಟರ್ ನೀರಿದ್ದರೆ ಸುಮಾರು 200 ಗ್ರಾಂ ನೀರು ಹಬೆಯಾಗುತ್ತದೆ. 200 ಗ್ರಾಂ ಎಂದರೆ ಒಂದು ಲೋಟ. ಆದರೆ ಆ ಹಬೆಯ ಗಾತ್ರ 300 ಲೀಟರಿಗೂ ಹೆಚ್ಚು! ಅದು ಹೊರಬರುವ ದಾರಿ ನಿಮ್ಮ ಕೈ ಇರುವ, ನಿಮ್ಮ ಮುಖ ಬಗ್ಗಿರುವ ಆ ಸಣ್ಣ ಬಾಯಿ ಮಾತ್ರ. ಜೊತೆಗೆ ಕುದಿ ನೀರನ್ನೂ ಎತ್ತಿಕೊಂಡೇ ಬರುತ್ತದೆ. ಹಸಿ ಗೋಣಿಚೀಲ ಹಿಡಿದು ತೆರೆದರೆ ಕೈ ಉಳಿದೀತು, ಮುಖ ಮತ್ತು ಕಣ್ಣು ಉಳಿಯುವ ಖಾತ್ರಿಯಿಲ್ಲ.

ತಣ್ಣೀರು ಸುರಿಯುವುದೂ ಸರಿಯಲ್ಲ. ನೀರಿಲ್ಲದೆ ಕಾದ ಲೋಹಕ್ಕೆ ತಣ್ಣೀರು ತಾಗಿದರೆ ಒಂದು ಭಾಗ ತಟ್ಟನೆ ಕುಗ್ಗುತ್ತದೆ, ಪಕ್ಕದ ಭಾಗ ಹಿಗ್ಗಿಯೇ ಇರುತ್ತದೆ. ಎಂಜಿನ್ ಹೆಡ್ ಅಥವಾ ಬ್ಲಾಕ್ ಬಿರುಕು ಬಿಡಬಹುದು. ಕಾದ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದಂತೆ.

ಇನ್ನೊಂದು ಎಚ್ಚರಿಕೆ: ಮೀಟರ್ ಮುಳ್ಳು ಕೆಳಗಿಳಿಯಿತೆಂದು ನಂಬಿಬಿಡಬೇಡಿ. ನೀರೆಲ್ಲ ಸೋರಿಹೋದರೆ ಬಿಸಿ ಅಳೆಯುವ ಸಂವೇದಕ ಖಾಲಿ ಜಾಗದಲ್ಲಿ ಉಳಿದು ಕಡಿಮೆ ಬಿಸಿ ತೋರಿಸಬಹುದು. ಆಗ ಮುಳ್ಳು ಕೆಳಗಿರುತ್ತದೆ, ಎಂಜಿನ್ ಮಾತ್ರ ಬೇಯುತ್ತಿರುತ್ತದೆ.

ಫಾರ್ವರ್ಡ್ 2: ‘ಕೂಲಂಟ್ ಬೇಡ, ನೀರೇ ಸಾಕು’

ತೀರ್ಪು: ಅರ್ಧ ಸತ್ಯ. ಉಳಿದರ್ಧ ದುಬಾರಿ.

ಸತ್ಯದ ಭಾಗ ಮೊದಲು. ಶಾಖ ಹೊರುವುದರಲ್ಲಿ ನೀರನ್ನು ಮೀರಿಸುವ ದ್ರವ ಸಿಗುವುದು ಕಷ್ಟ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಕಿಲೋಜೌಲ್ ಬೇಕು. ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆಸಿದ ಕೂಲಂಟ್‌ಗೆ ಸುಮಾರು 3.4 ಸಾಕು. ಹಾಗಾಗಿ ‘ಕೂಲಂಟ್ ಹಾಕಿದರೆ ಎಂಜಿನ್ ಇನ್ನೂ ತಣ್ಣಗಾಗುತ್ತದೆ’ ಎನ್ನುವುದು ಸರಿಯಲ್ಲ.

ಹಾಗಾದರೆ ಕೂಲಂಟ್ ಯಾಕೆ? ಗ್ಲೈಕಾಲ್ ನೀರಿನ ಕುದಿಬಿಂದುವನ್ನು ಕೆಲವು ಡಿಗ್ರಿ ಮೇಲೇರಿಸುತ್ತದೆ. ಚಳಿ ಪ್ರದೇಶದಲ್ಲಿ ನೀರು ಹೆಪ್ಪುಗಟ್ಟದಂತೆ ತಡೆಯುತ್ತದೆ, ಅದು ನಮಗೆ ಬೇಕಿಲ್ಲ. ನಮಗೆ ಮುಖ್ಯವಾಗಿ ಬೇಕಾದದ್ದು ಅದರಲ್ಲಿರುವ ತುಕ್ಕು ನಿರೋಧಕಗಳು. ಎಂಜಿನ್ನಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ, ಸೀಸದ ಬೆಸುಗೆ ಎಲ್ಲ ಒಂದೇ ನೀರಿನಲ್ಲಿ ನೆನೆಯುತ್ತಿರುತ್ತವೆ. ಬರೀ ನೀರಿದ್ದರೆ ಒಂದು ಲೋಹ ಇನ್ನೊಂದನ್ನು ತಿನ್ನುತ್ತದೆ.

ಬೋರ್ ನೀರಾದರೆ ಕರೆಯ ಕಾಟ ಬೇರೆ. ಈ ಕರೆಯ ಮುಖ್ಯ ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲು. ಶಾಖ ದಾಟಿಸುವ ಗುಣ ಇದರಲ್ಲಿ ಅಲ್ಯೂಮಿನಿಯಂಗಿಂತ ಸುಮಾರು ನೂರು ಪಟ್ಟು ಕಡಿಮೆ. ಒಂದು ಮಿಲಿಮೀಟರ್ ಕರೆ ಕಟ್ಟಿತೆಂದರೆ ಶಾಖದ ದಾರಿಯಲ್ಲಿ ಕಲ್ಲಿನ ಗೋಡೆ ಎದ್ದಂತೆ. ಕೆಲವು ಕೊಳವೆಗಳು ಪೂರ್ತಿ ಮುಚ್ಚಿಯೇ ಹೋಗುತ್ತವೆ. ಕೂಲಂಟ್ ದುಡ್ಡು ಉಳಿಸಿದವರು ಮುಂದೆ ಹೊಸ ರೇಡಿಯೇಟರ್‌ಗೆ ಅದರ ಎಷ್ಟೋ ಪಟ್ಟು ಕೊಡಬೇಕಾಗುತ್ತದೆ.

ಸರಿಯಾದ ದಾರಿ: ನಿಮ್ಮ ಗಾಡಿಯ ಕೈಪಿಡಿ ಹೇಳಿದ ಕೂಲಂಟ್ ಹಾಕಿ. ಬೆರೆಸಲು ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರು ಬಳಸಿ. ದಾರಿಯಲ್ಲಿ ಸಿಕ್ಕಿಬಿದ್ದರೆ ಎಂಜಿನ್ ತಣ್ಣಗಾದ ಮೇಲೆ ಕುಡಿಯುವ ನೀರು ಹಾಕಿ ಮನೆ ಸೇರಬಹುದು, ಆಮೇಲೆ ಅದನ್ನು ಬದಲಿಸಿ. ಬಣ್ಣ ನೋಡಿ ಕೂಲಂಟ್ ಬೆರೆಸಬೇಡಿ. ಹಸಿರು, ಕೆಂಪು, ನೀಲಿ ಎಂಬುದು ತಯಾರಕರು ಹಾಕುವ ಬಣ್ಣ, ಗುಣಮಟ್ಟದ ಗುರುತಲ್ಲ.

ಮತ್ತೊಂದು ಮಾತು. ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಮಾತ್ರ ಸಿಹಿ. ಹಳೆಯ ಕೂಲಂಟನ್ನು ಅಂಗಳಕ್ಕೆ ಸುರಿದರೆ ನಾಯಿ, ಕರು, ಆಡು ನೆಕ್ಕಬಹುದು. ನೀರಿನ ಬಾಟಲಿಗೆ ತುಂಬಿಟ್ಟರೆ ಮಕ್ಕಳು ಕುಡಿಯಬಹುದು. ಮುಚ್ಚಳವಿರುವ ಕ್ಯಾನಿಗೆ ಹಿಡಿದು, ಗುರುತು ಬರೆದು, ಕೈಗೆಟುಕದಲ್ಲಿ ಇಡಿ. ಯಾರಾದರೂ ಕುಡಿದಿದ್ದರೆ ಚೆನ್ನಾಗಿಯೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೂತ್ರಪಿಂಡಕ್ಕಾಗುವ ಹಾನಿ ಕೆಲವು ಗಂಟೆಗಳ ನಂತರವೇ ಕಾಣಿಸುತ್ತದೆ.

ಫಾರ್ವರ್ಡ್ 3: ‘ಬೇಸಿಗೆಯಲ್ಲಿ ಥರ್ಮೋಸ್ಟ್ಯಾಟ್ ತೆಗೆದುಬಿಡಿ’

ತೀರ್ಪು: ತಪ್ಪು.

ಥರ್ಮೋಸ್ಟ್ಯಾಟ್ ಒಂದು ಬಾಗಿಲು. ನೀರು ತಣ್ಣಗಿರುವಾಗ ಅದು ಮುಚ್ಚಿರುತ್ತದೆ, ನೀರು ಎಂಜಿನ್ನಿನೊಳಗೇ ಸುತ್ತಿ ಬೇಗ ಬಿಸಿಯಾಗುತ್ತದೆ. ಹೆಚ್ಚಿನ ಗಾಡಿಗಳಲ್ಲಿ 80ರಿಂದ 90 ಡಿಗ್ರಿ ನಡುವೆ ಅದು ತೆರೆದುಕೊಂಡು ನೀರನ್ನು ರೇಡಿಯೇಟರ್‌ಗೆ ಬಿಡುತ್ತದೆ. ಎಂಜಿನ್ ಕುದಿಯುವ ಹೊತ್ತಿಗೆ ಸರಿಯಿರುವ ಥರ್ಮೋಸ್ಟ್ಯಾಟ್ ಆಗಲೇ ಪೂರ್ತಿ ತೆರೆದಿರುತ್ತದೆ. ಅದನ್ನು ಕಿತ್ತರೆ ಹೆಚ್ಚಿನ ಲಾಭವಿಲ್ಲ.

ನಷ್ಟ ಮಾತ್ರ ಇದೆ. ಬೆಳಗಿನ ತಂಪಿನಲ್ಲಿ ಎಂಜಿನ್ ಬೇಕಾದ ಬಿಸಿಗೆ ಏರಲು ಬಹಳ ಹೊತ್ತು ಹಿಡಿಯುತ್ತದೆ. ಡೀಸೆಲ್ ಹೆಚ್ಚು ಕುಡಿಯುತ್ತದೆ, ಹೊಗೆ ಹೆಚ್ಚು, ಸವೆತ ಹೆಚ್ಚು. ಕೆಲವು ಎಂಜಿನ್‌ಗಳಲ್ಲಿ ಇನ್ನೊಂದು ಎಡವಟ್ಟಿದೆ. ಥರ್ಮೋಸ್ಟ್ಯಾಟ್ ತೆರೆದಾಗ ಅದರ ಇನ್ನೊಂದು ತುದಿ ಒಳಸುತ್ತಿನ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಆ ಒಳದಾರಿ ಸದಾ ತೆರೆದೇ ಇರುತ್ತದೆ. ನೀರಿನ ಒಂದು ಭಾಗ ರೇಡಿಯೇಟರ್ ಮುಖವನ್ನೇ ನೋಡದೆ ವಾಪಸಾಗುತ್ತದೆ, ಎಂಜಿನ್ ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ.

‘ನೀರು ಬಹಳ ವೇಗವಾಗಿ ಹರಿದು ತಣ್ಣಗಾಗಲು ಸಮಯ ಸಿಗುವುದಿಲ್ಲ’ ಎಂಬ ವಿವರಣೆಯನ್ನೂ ಕೇಳಿರುತ್ತೀರಿ. ಅದು ಸರಿಯಲ್ಲ. ಅದೇ ನೀರು ಮತ್ತೆ ಮತ್ತೆ ಬರುತ್ತಿರುತ್ತದೆ, ವೇಗ ಹೆಚ್ಚಾದರೆ ಶಾಖ ದಾಟುವುದು ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ತಪ್ಪು ಒಳದಾರಿಯದು.

ಥರ್ಮೋಸ್ಟ್ಯಾಟ್ ಮುಚ್ಚಿದಲ್ಲೇ ಸಿಕ್ಕಿಕೊಂಡು ಗಾಡಿ ಕುದಿಯುವುದೂ ಉಂಟು. ಪರೀಕ್ಷೆ ಸುಲಭ: ಅದನ್ನು ಬಿಚ್ಚಿ ಪಾತ್ರೆಯ ನೀರಿನಲ್ಲಿಟ್ಟು ಬಿಸಿ ಮಾಡಿ ನೋಡುವುದು. ನೀರು ಕುದಿಯುವ ಹೊತ್ತಿಗೂ ತೆರೆಯದಿದ್ದರೆ ಹೊಸದು ಹಾಕಿಸಿ. ರೇಡಿಯೇಟರ್ ಬೆಲೆಯ ಮುಂದೆ ಇದರ ಬೆಲೆ ಲೆಕ್ಕಕ್ಕೇ ಬಾರದು. ಅಡುಗೆಯ ಪಾತ್ರೆ ಮಾತ್ರ ಬಳಸಬೇಡಿ, ಅದಕ್ಕೆ ಕೂಲಂಟ್ ಅಂಟಿರುತ್ತದೆ.

ಫಾರ್ವರ್ಡ್ 4: ‘ಸೋರುವ ರೇಡಿಯೇಟರ್‌ಗೆ ಅರಿಶಿನ’

ತೀರ್ಪು: ಆಪತ್ತಿನ ತೇಪೆ, ರಿಪೇರಿ ಅಲ್ಲ.

ಅರಿಶಿನ ಪುಡಿ ನೀರಿನಲ್ಲಿ ಉಬ್ಬಿ ಸೂಜಿಮೊನೆಯಂಥ ತೂತಿಗೆ ಹೋಗಿ ಕೂರಬಹುದು. ಹಾಗಾಗಿ ಕೆಲವರ ಅನುಭವ ಸುಳ್ಳಲ್ಲ. ಆದರೆ ತೂತು ಯಾವುದು, ಕೊಳವೆ ಯಾವುದು ಎಂಬುದು ಪುಡಿಗೆ ಗೊತ್ತಿಲ್ಲ. ಮೊದಲೇ ಕರೆ ಕಟ್ಟಿ ಕಿರಿದಾದ ಕೊಳವೆಗಳಲ್ಲೂ ಅದು ಕೂರುತ್ತದೆ. ಸೋರಿಕೆ ನಿಂತು ಕುದಿತ ಶುರುವಾಗುತ್ತದೆ. ಊರು ಸೇರಲು ಬೇರೆ ದಾರಿಯೇ ಇಲ್ಲದಿದ್ದರೆ ಮಾಡಿರಿ, ಆದರೆ ಮರುದಿನವೇ ಒಳಗೆಲ್ಲ ತೊಳೆಸಿ ರಿಪೇರಿ ಮಾಡಿಸಿ.

ಫಾರ್ವರ್ಡ್ 5: ‘ರೇಡಿಯೇಟರ್ ಜಾಗ ಬದಲಿಸಿದರೆ ಎಂಜಿನ್ ತಣ್ಣಗಿರುತ್ತದೆ’

ತೀರ್ಪು: ಸಾಮಾನ್ಯ ಗಾಡಿಗೆ ತಪ್ಪು.

ಹೊರದೇಶಗಳಲ್ಲಿ ವಾಹನ ಮಾರ್ಪಡಿಸುವವರ ವಿಡಿಯೋಗಳು ಈಗ ನಮ್ಮ ಮೊಬೈಲಿಗೂ ಬರುತ್ತವೆ. ಅವುಗಳಲ್ಲಿ ಕೆಲವರು ರೇಡಿಯೇಟರನ್ನು ಹಿಂದಕ್ಕೋ ಮೇಲಕ್ಕೋ ಕೂರಿಸುವುದನ್ನು ತೋರಿಸುತ್ತಾರೆ. ಅವರು ಹಾಗೆ ಮಾಡುವುದಕ್ಕೆ ಅವರದೇ ಕಾರಣವಿದೆ. ಅದನ್ನು ತಿಳಿಯಲು ಒಂದು ವಿಚಿತ್ರ ವಾಹನವನ್ನು ನೋಡೋಣ.

ಕಾಶ್ಮೀರದ ಗುಲ್ಮಾರ್ಗ್‌ಗೆ ಪ್ರವಾಸ ಹೋದವರು ಹಿಮದ ಮೇಲೆ ಓಡುವ ಸ್ನೋ ಸ್ಕೂಟರ್ ಏರಿ ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಅದೇ ಸ್ನೋಮೊಬೈಲ್. ಮುಂದೆ ಎರಡು ಜಾರುಪಟ್ಟಿ, ಹಿಂದೆ ಅಗಲ ರಬ್ಬರ್ ಪಟ್ಟಿ. ದ್ರವದಿಂದ ತಣಿಯುವ ಅನೇಕ ಸ್ನೋಮೊಬೈಲ್‌ಗಳಿಗೆ ಮುಂದುಗಡೆ ನಮ್ಮಂಥ ರೇಡಿಯೇಟರ್ ಇರುವುದಿಲ್ಲ. ಸೀಟಿನ ಕೆಳಗೆ, ರಬ್ಬರ್ ಪಟ್ಟಿಯ ಮೇಲ್ಭಾಗದಲ್ಲಿ ಚಪ್ಪಟೆ ಅಲ್ಯೂಮಿನಿಯಂ ಶಾಖ ವಿನಿಮಯಕಗಳಿರುತ್ತವೆ. ಪಟ್ಟಿ ಓಡುವಾಗ ಎರಚುವ ಹಿಮ ಅವಕ್ಕೆ ಬಡಿದು ಕರಗುತ್ತದೆ, ಎಂಜಿನ್ ತಣ್ಣಗಾಗುತ್ತದೆ. ಸಡಿಲ ಹಿಮವಿಲ್ಲದ ಗಟ್ಟಿ ಮಂಜುಗಡ್ಡೆಯ ಮೇಲೆ ಓಡಿಸಿದರೆ, ಸುತ್ತಲೂ ಕೊರೆಯುವ ಚಳಿಯಿದ್ದರೂ ಎಂಜಿನ್ ಕಾಯುತ್ತದೆ! ಅದಕ್ಕೇ ಮಂಜುಗಡ್ಡೆ ಗೀರಿ ಪುಡಿ ಎಬ್ಬಿಸುವ ಕಡ್ಡಿಗಳನ್ನು ಜೋಡಿಸುತ್ತಾರೆ. ಪಟ್ಟಿ ಅಥವಾ ಚೌಕಟ್ಟು ಬದಲಿಸಿದವರು ಹಿಮ ಬಡಿಯುವ ಹೊಸ ಜಾಗಕ್ಕೆ ವಿನಿಮಯಕವನ್ನೂ ಸ್ಥಳಾಂತರಿಸುತ್ತಾರೆ, ಇಲ್ಲವೇ ಫ್ಯಾನ್ ಇರುವ ರೇಡಿಯೇಟರ್ ಸೇರಿಸುತ್ತಾರೆ.

ಇದರ ಪಾಠ ನಮ್ಮ ಟ್ರ್ಯಾಕ್ಟರ್‌ಗೂ ಅದೇ: ತಣಿಸುವ ವಸ್ತು ಎಲ್ಲಿ ಬಂದು ತಾಗುತ್ತದೋ ಅಲ್ಲೇ ರೇಡಿಯೇಟರ್ ಇರಬೇಕು. ಹಿಮವಾಹನಕ್ಕೆ ಅದು ಪಟ್ಟಿಯ ಮೇಲೆ, ನಮಗೆ ಗಾಡಿಯ ಮೂತಿಯಲ್ಲಿ. ಹೊರಗಿನ ಗಾಳಿ ಎಂಜಿನ್ ಶಾಖ ತಾಗುವ ಮೊದಲೇ ಅಲ್ಲಿ ಸಿಗುತ್ತದೆ. ಹಿಂದಿರುವ ಫ್ಯಾನ್ ಅದನ್ನು ಎಳೆದುಕೊಳ್ಳುತ್ತದೆ. ರೇಡಿಯೇಟರನ್ನು ಬೇರೆ ಕಡೆ ಕೂರಿಸಿದರೆ ಎಂಜಿನ್ ಕಾಯಿಸಿದ ಗಾಳಿಯೇ ಅದಕ್ಕೆ ಸಿಗಬಹುದು. ಪೈಪು ಉದ್ದವಾದಷ್ಟೂ ಪಂಪಿಗೆ ಭಾರ. ರೇಡಿಯೇಟರ್ ಕೆಳಗಾಗಿ ಎಂಜಿನ್ನಿನ ಮೇಲ್ಭಾಗದಲ್ಲಿ ಗಾಳಿಗುಳ್ಳೆ ನಿಂತರೆ ಅಲ್ಲಿ ನೀರೇ ತಲುಪುವುದಿಲ್ಲ. ಎಂಜಿನ್ ಹಿಂದಿರುವ ದೊಡ್ಡ ಬಸ್ಸುಗಳಲ್ಲಿ ರೇಡಿಯೇಟರ್ ಪಕ್ಕದಲ್ಲಿರುವುದನ್ನು ನೋಡಿರಬಹುದು. ಅಲ್ಲಿ ಫ್ಯಾನ್, ಪಂಪ್, ಗಾಳಿಯ ದಾರಿ ಎಲ್ಲವನ್ನೂ ಆ ಜಾಗಕ್ಕೆಂದೇ ತಯಾರಕರು ವಿನ್ಯಾಸ ಮಾಡಿರುತ್ತಾರೆ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ವಾರಂಟಿಯೂ ಹೋಗಬಹುದು.

ನಾವು ಗೊತ್ತಿಲ್ಲದೆಯೇ ಮಾಡುವ ಇನ್ನೊಂದು ತಪ್ಪಿದೆ: ರೇಡಿಯೇಟರ್ ಅಲ್ಲೇ ಇರುತ್ತದೆ, ಅದರ ಗಾಳಿಯನ್ನು ನಾವು ಮುಚ್ಚುತ್ತೇವೆ. ಜಾಲರಿಯ ಮುಂದೆ ಸಾಲು ಎಲ್‌ಇಡಿ ದೀಪ, ದಪ್ಪ ಬಂಪರ್, ಹೆಸರಿನ ಫಲಕ, ಬಾವುಟ, ಆಯುಧ ಪೂಜೆಯ ಹೂಮಾಲೆ ಹಾಗೂ ಬಾಳೆಗಿಡ. ಪೂಜೆ ಮುಗಿದ ಮೇಲೆ ಹೊಲಕ್ಕೆ ಹೊರಡುವ ಮುನ್ನ ಜಾಲರಿ ಖಾಲಿ ಮಾಡಿ. ಕಾರುಗಳಿಗೆ ಹಾಕಿಸುವ ಬುಲ್ ಬಾರ್ ಬಗ್ಗೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಪತ್ರ ಬರೆದು, ಇವು 52ನೇ ಕಲಂಗೆ ವಿರುದ್ಧ ಎಂದು ಹೇಳಿದೆ. ಅಲ್ಲಿನ ಮುಖ್ಯ ಕಾಳಜಿ ಪಾದಚಾರಿಗಳ ಮತ್ತು ಪ್ರಯಾಣಿಕರ ಸುರಕ್ಷತೆ.

ಫಾರ್ವರ್ಡ್ 6: ‘ದೊಡ್ಡ ರೇಡಿಯೇಟರ್ ಹಾಕಿಸಿ, ಚಿಂತೆ ಬಿಡಿ’

ತೀರ್ಪು: ಕಾರಣ ತಿಳಿಯದೆ ಹಾಕಿಸಿದರೆ ದುಡ್ಡು ದಂಡ.

ದಪ್ಪ ರೇಡಿಯೇಟರ್ ಯಾವಾಗಲೂ ಉತ್ತಮವಲ್ಲ. ಕೊಳವೆಗಳ ಸಾಲು ಹೆಚ್ಚಾದರೆ ಗಾಳಿ ಹಾಯುವುದು ಕಷ್ಟವಾಗುತ್ತದೆ. ಹಿಂದಿನ ಸಾಲಿಗೆ ಮುಂದಿನ ಸಾಲು ಕಾಯಿಸಿದ ಗಾಳಿಯೇ ಸಿಗುತ್ತದೆ. ಫ್ಯಾನ್ ಮೊದಲಿನದೇ ಇದ್ದರೆ ಲಾಭ ಅಂದುಕೊಂಡಷ್ಟು ಇರುವುದಿಲ್ಲ. ಬೆಲ್ಟ್ ಸಡಿಲವಿದ್ದರೆ, ಪಂಪಿನ ರೆಕ್ಕೆ ಸವೆದಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿ ಸುಡುಗಾಳಿ ನೀರಿಗೆ ಸೇರುತ್ತಿದ್ದರೆ ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ಗಾಡಿ ಕುದಿಯುತ್ತದೆ.

ಗ್ಯಾರೇಜಿನಲ್ಲಿ ಈ ಕ್ರಮದಲ್ಲಿ ಪರೀಕ್ಷಿಸಲು ಹೇಳಿ. ಅಗ್ಗದ್ದರಿಂದ ದುಬಾರಿಯ ಕಡೆಗೆ:

1. ತಣ್ಣಗಿರುವಾಗ ನೀರಿನ ಮಟ್ಟ, ಹೊರಗೆ ಎಲ್ಲಾದರೂ ಸೋರಿಕೆಯ ಗುರುತು.
2. ರೆಕ್ಕೆಗಳ ನಡುವೆ ಕಸ. ರೇಡಿಯೇಟರ್ ಹಿಂದೆ ಟಾರ್ಚ್ ಹಿಡಿದರೆ ಬೆಳಕು ಮುಂದೆ ಕಾಣಬೇಕು.
3. ಫ್ಯಾನ್ ಬೆಲ್ಟ್ ಬಿಗಿ, ಫ್ಯಾನ್ ಸುತ್ತಲಿನ ಮುಚ್ಚುಗೆ. ಈ ಮುಚ್ಚುಗೆ ಅಲಂಕಾರವಲ್ಲ, ಅದಿಲ್ಲದಿದ್ದರೆ ಫ್ಯಾನ್ ಪಕ್ಕದ ಗಾಳಿಯನ್ನೇ ಸುತ್ತಿಸುತ್ತದೆ.
4. ಮುಚ್ಚಳದ ರಬ್ಬರ್ ಮತ್ತು ಸ್ಪ್ರಿಂಗ್. ಬದಲಿಸುವುದಾದರೆ ಅದೇ ಒತ್ತಡದ ಗುರುತಿರುವ ಮುಚ್ಚಳ.
5. ಥರ್ಮೋಸ್ಟ್ಯಾಟ್.
6. ನೀರಿನ ಪಂಪ್, ಒಳಗೆ ಮಡಚಿಕೊಳ್ಳುವ ಹಳೆಯ ಪೈಪುಗಳು.
7. ರೇಡಿಯೇಟರ್ ಒಳಗಿನ ಕಟ್ಟು. ಎಂಜಿನ್ ಬಿಸಿಯಾಗಿರುವಾಗ ಮುಟ್ಟದೆ ಅಳೆಯುವ ಇನ್ಫ್ರಾರೆಡ್ ಮಾಪಕ ಹಿಡಿದರೆ ಕಟ್ಟಿದ ಭಾಗ ಅಕ್ಕಪಕ್ಕಕ್ಕಿಂತ ತಣ್ಣಗೆ ಕಾಣುತ್ತದೆ.
8. ಹೆಡ್ ಗ್ಯಾಸ್ಕೆಟ್. ನೀರಿನಲ್ಲಿ ಎಣ್ಣೆ, ಎಣ್ಣೆಯಲ್ಲಿ ಹಾಲಿನ ಬಣ್ಣ ಕಂಡರೆ ಅನುಮಾನ ಇಲ್ಲಿಗೆ ಬರುತ್ತದೆ.

ಏಳನೆಯದೇ ಕಾರಣವಾದರೂ ಹಳೆಯ ತಾಮ್ರ–ಹಿತ್ತಾಳೆಯ ರೇಡಿಯೇಟರ್ ಆಗಿದ್ದರೆ ಆಸೆ ಬಿಡಬೇಡಿ. ಅನುಭವಿ ಕೆಲಸಗಾರರು ಮೇಲಿನ ತೊಟ್ಟಿ ಬಿಚ್ಚಿ, ಕೊಳವೆಗಳಲ್ಲಿ ಕಡ್ಡಿ ಆಡಿಸಿ ಕರೆ ತೆಗೆದು, ಮತ್ತೆ ಬೆಸುಗೆ ಹಾಕಬಲ್ಲರು. ಅಲ್ಯೂಮಿನಿಯಂ ಕೊಳವೆ, ಪ್ಲಾಸ್ಟಿಕ್ ತೊಟ್ಟಿಯ ಹೊಸ ಬಗೆಯದು ಒಡೆದರೆ ಸಾಮಾನ್ಯವಾಗಿ ಬದಲಿಸುವುದೇ ಮೇಲು. ಸೋರಿಕೆ ಹಲವು ಕಡೆಯಿದ್ದರೆ, ರೆಕ್ಕೆಗಳು ಕೊಳೆತು ಕೈಯಲ್ಲಿ ಉದುರುತ್ತಿದ್ದರೆ, ತೊಳೆದರೂ ಕೊಳವೆ ತೆರೆಯದಿದ್ದರೆ ಹೊಸದು ಹಾಕಿಸಿ, ನಿಮ್ಮ ಮಾದರಿಗೆ ಹೇಳಿದ ಅಳತೆಯದನ್ನೇ. ಹೊಸದು ಕೂರಿಸುವಾಗ ಹಳೆಯ ಪೈಪು, ಕ್ಲಿಪ್, ಅಡಿಯ ರಬ್ಬರ್ ಬುಷ್ ನೋಡಿಸಿ. ಬುಷ್ ಇಲ್ಲದಿದ್ದರೆ ಎಂಜಿನ್ ನಡುಕಕ್ಕೆ ಹೊಸ ರೇಡಿಯೇಟರೂ ಬಿರಿಯುತ್ತದೆ. ಎಂಜಿನ್ ಒಳಗಿನ ಹಳೆಯ ಕೊಳೆ ತೊಳೆಸದಿದ್ದರೆ ಅದೇ ಕೊಳೆ ಹೊಸದರಲ್ಲಿ ಹೋಗಿ ಕೂರುತ್ತದೆ. ಕೂಲಂಟ್ ತುಂಬಿದ ಮೇಲೆ ಒಳಗಿನ ಗಾಳಿ ಪೂರ್ತಿ ತೆಗೆಸಿ, ಮರುದಿನ ತಣ್ಣಗಿರುವಾಗ ಮಟ್ಟ ಮತ್ತೊಮ್ಮೆ ನೋಡಿ.

ದುಡ್ಡಿಲ್ಲದ ಮದ್ದು: ಹತ್ತು ನಿಮಿಷದ ಶುಚಿ

ಸಿಂಪಡಣೆ ಅಥವಾ ರಾಶಿಯ ದಿನಗಳಲ್ಲಿ ಪ್ರತಿದಿನ, ಉಳಿದಾಗ ವಾರಕ್ಕೊಮ್ಮೆ ಇದನ್ನು ಮಾಡಿ. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ತಣ್ಣಗಾಗಲು ಬಿಡಿ. ಮುಂದಿನ ಜಾಲರಿ ತೆಗೆದು ಝಾಡಿಸಿ. ಬಳಿಕ ಫ್ಯಾನ್ ಇರುವ ಕಡೆಯಿಂದ ಹೊರಕ್ಕೆ ಗಾಳಿ ಅಥವಾ ಕಡಿಮೆ ಒತ್ತಡದ ನೀರು ಹಾಯಿಸಿ. ಕಸ ಬಂದ ದಾರಿಯಲ್ಲೇ ಹೊರಹೋಗಬೇಕು. ಮುಂದಿನಿಂದ ನೀರು ಹೊಡೆದರೆ ಕಸ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಸರ್ವಿಸ್ ಸ್ಟೇಶನ್ನಿನ ಜೋರು ನೀರನ್ನು ಹತ್ತಿರದಿಂದ ಬಿಟ್ಟರೆ ತೆಳು ರೆಕ್ಕೆಗಳು ಮಡಚಿ ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಔಷಧದ ಅಂಶ ಅಂಟಿರುವುದರಿಂದ ಕೈಗವಸು, ಕನ್ನಡಕ ಹಾಕಿಕೊಳ್ಳಿ.

ಈ ಹತ್ತು ನಿಮಿಷದ ಬೆಲೆ ದ್ರಾಕ್ಷಿ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಚಾಟ್ನಿ ಮುಗಿದು ಚಿಗುರು ಬಂದಾಗ ಅಕಾಲಿಕ ಮಳೆ ಬಿದ್ದರೆ ರೋಗ ತಗಲುವ ಮೊದಲು ಸಿಂಪಡಣೆ ಆಗಲೇಬೇಕು. ಆ ದಿನ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ನಿಂತರೆ ನಷ್ಟ ರಿಪೇರಿ ಬಿಲ್ಲಿನದಷ್ಟೇ ಆಗಿರುವುದಿಲ್ಲ.

ದಾರಿಯಲ್ಲಿ ಕುದಿದರೆ ಏನು ಮಾಡಬೇಕು?

• ಮುಳ್ಳು ಏರುತ್ತಿದೆ, ಹಬೆ ಇಲ್ಲ: ಎ.ಸಿ. ಆರಿಸಿ, ಭಾರ ಇಳಿಸಿ, ಪಿಟಿಒ ನಿಲ್ಲಿಸಿ. ಕಾರಾದರೆ ಹೀಟರ್ ಪೂರ್ತಿ ಹಚ್ಚಿ. ಇದು ಮಾತ್ರ ನಿಜವಾಗಿಯೂ ಕೆಲಸ ಮಾಡುವ ಫಾರ್ವರ್ಡ್! ಹೀಟರ್ ಒಳಗೂ ಒಂದು ಸಣ್ಣ ರೇಡಿಯೇಟರ್ ಇದೆ, ಅದು ಎಂಜಿನ್ ಶಾಖವನ್ನು ನಿಮ್ಮ ಮೇಲೆ ಬಿಡುತ್ತದೆ. ಸೆಕೆಯಾಗುತ್ತದೆ, ಎಂಜಿನ್ ಉಳಿಯುತ್ತದೆ.
• ಹಬೆ ಬರುತ್ತಿದೆ ಅಥವಾ ನೀರು ಸೋರುತ್ತಿದೆ: ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿ. ದೂರ ನಿಲ್ಲಿ.
• ಕನಿಷ್ಠ ಅರ್ಧ ಗಂಟೆ ಕಾಯಿರಿ, ಬಿರುಬಿಸಿಲಿನಲ್ಲಿ ಇನ್ನೂ ಹೆಚ್ಚು. ಮೇಲಿನ ಪೈಪು ಬಿಸಿಯಾಗಿದ್ದರೆ, ಒತ್ತಿದಾಗ ಬಿರುಸಾಗಿದ್ದರೆ ಒಳಗೆ ಒತ್ತಡವಿದೆ ಎಂದರ್ಥ. ಇನ್ನೂ ಕಾಯಿರಿ.
• ಪೂರ್ತಿ ತಣ್ಣಗಾದ ಮೇಲೆ ಬಟ್ಟೆ ಹಿಡಿದು, ಮುಖ ಪಕ್ಕಕ್ಕೆ ಮಾಡಿ, ಮುಚ್ಚಳವನ್ನು ಮೊದಲ ಹಂತದವರೆಗೆ ಮಾತ್ರ ತಿರುಗಿಸಿ. ಸದ್ದು ನಿಂತ ಮೇಲೆ ಪೂರ್ತಿ ತೆಗೆಯಿರಿ.

ಯಾರಾದರೂ ಸುಟ್ಟುಕೊಂಡರೆ, ಸುಟ್ಟ ಭಾಗದ ಮೇಲೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಉಂಗುರ, ಬಳೆ, ಗಡಿಯಾರ ಬೇಗ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆ ಕೀಳಬೇಡಿ. ಟೂತ್‌ಪೇಸ್ಟ್, ಅರಿಶಿನ, ಶಾಯಿ, ಬೆಣ್ಣೆ, ಮಂಜುಗಡ್ಡೆ ಯಾವುದೂ ಬೇಡ. ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೋಗಿ. ಮುಖ, ಕಣ್ಣು, ಕೈ ಸುಟ್ಟಿದ್ದರೆ ಅಥವಾ ಗಾಯ ದೊಡ್ಡದಿದ್ದರೆ 108ಕ್ಕೆ ಕರೆ ಮಾಡಿ. ಕಣ್ಣಿಗೆ ಸಿಡಿದಿದ್ದರೆ ಶುದ್ಧ ನೀರಿನಿಂದ ತೊಳೆಯುತ್ತಲೇ ಇರಿ.

ಫಾರ್ವರ್ಡ್ ಮಾಡುವ ಮುನ್ನ

ಇಂಥ ಸಲಹೆ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ನನ್ನ ಗಾಡಿಯ ಕೈಪಿಡಿಗೆ ಹೊಂದುತ್ತದೆಯೇ? ಇದು ಶಾಖವನ್ನು ಗಾಳಿಗೆ ದಾಟಿಸಲು ನೆರವಾಗುತ್ತದೆಯೇ ಅಥವಾ ಬರೀ ಲಕ್ಷಣ ಮುಚ್ಚುತ್ತದೆಯೇ? ಇದು ತಪ್ಪಾದರೆ ಯಾರಿಗೆ ಪೆಟ್ಟು? ಮೂರನೆಯದಕ್ಕೆ ಉತ್ತರ ‘ಮುಚ್ಚಳದ ಮೇಲೆ ಬಗ್ಗಿ ನಿಂತವರಿಗೆ’ ಎಂದಾದರೆ ಅದು ನಿಮ್ಮ ಮೊಬೈಲಿನಲ್ಲೇ ನಿಲ್ಲಲಿ.

ಬದಲಿಗೆ ಒಂದು ಸಾಲು ಕಳಿಸಿ: ‘ಗಾಡಿ ಕುದಿದರೆ ನಿಲ್ಲಿಸಿ, ಕಾಯಿರಿ, ಬಿಸಿಯಿರುವಾಗ ಮುಚ್ಚಳ ಮುಟ್ಟಬೇಡಿ.’ ಈ ಬೇಸಿಗೆಯಲ್ಲಿ ನಿಮ್ಮ ಗುಂಪಿನ ಒಬ್ಬ ಚಾಲಕ ಇದನ್ನು ನೆನಪಿಟ್ಟುಕೊಂಡರೂ ಸಾಕು.